ಮಸ್ಕೆಟ್ ಕೋವಿ: ಗುರಿ ನಿಲ್ಲದ ಬಂದೂಕನ್ನು ಸೈನ್ಯಗಳು ಅಷ್ಟು ಕಾಲ ಯಾಕೆ ಹೊತ್ತವು?

ಕೋಟೆಬಾಗಿಲು
ಬ್ರಿಟಿಷರ ‘ಬ್ರೌನ್ ಬೆಸ್’ ಮಸ್ಕೆಟ್ ಬಗ್ಗೆ ಎಲ್ಲಿ ಓದಿದರೂ ಒಂದೇ ಮಾತು: 100 ಮೀಟರ್ ಆಚೆ ನಿಂತ ಒಬ್ಬ ಮನುಷ್ಯನಿಗೆ ಗುಂಡು ತಗಲಿದರೆ ಅದು ಅದೃಷ್ಟ. ಆದರೆ ನಳಿಗೆಯ ಒಳಗೆ ತಿರುಪು ಗೀರುಗಳಿದ್ದ ರೈಫಲ್ 16ನೇ ಶತಮಾನದಲ್ಲೇ ಯುರೋಪಿನ ಬೇಟೆಗಾರರ ಕೈಯಲ್ಲಿತ್ತು. ಹಾಗಿದ್ದೂ 1850ರ ಹೊತ್ತಿನವರೆಗೆ ಹೆಚ್ಚಿನ ಕಾಲಾಳುಗಳಿಗೆ ಕೊಟ್ಟದ್ದು ನುಣುಪು ನಳಿಗೆಯ ಕೋವಿಯನ್ನೇ, ಅಂದರೆ ಮಸ್ಕೆಟನ್ನೇ. ಇದಕ್ಕೆ ಖರ್ಚು ಒಂದೇ ಕಾರಣವೇ? ಭುಜಕ್ಕೆ ಭುಜ ತಾಗಿಸಿ ಸಾಲು ನಿಲ್ಲಿಸುತ್ತಿದ್ದದ್ದು ಯಾಕೆ? ಕೋವಿಯ ಭಾಗಗಳನ್ನು ಬಲ್ಲವರು ಬಿಡಿಸಿ ಹೇಳಿ. ಟಿಪ್ಪುವಿನ ಸೈನ್ಯದ ಬಂದೂಕುಗಳ ವಿಷಯ ತಿಳಿದವರಿದ್ದರೆ ಅದನ್ನೂ ಬರೆಯಿರಿ.

ನಳಿಗೆ
ಖರ್ಚೂ ಒಂದು ಕಾರಣವೇ, ಆದರೆ ಮುಖ್ಯ ಕಾರಣ ಅದಲ್ಲ. ಎಲ್ಲವೂ ನಿಂತಿರುವುದು ಗುಂಡಿಗೂ ನಳಿಗೆಗೂ ನಡುವೆ ಬೇಕೆಂದೇ ಬಿಟ್ಟ ಸಂದಿನ ಮೇಲೆ.

ಬ್ರೌನ್ ಬೆಸ್‌ನ ‘ಇಂಡಿಯಾ ಪ್ಯಾಟರ್ನ್’ ಮಾದರಿಯನ್ನೇ ತೆಗೆದುಕೊಳ್ಳಿ. ಈಸ್ಟ್ ಇಂಡಿಯಾ ಕಂಪನಿ ತನ್ನ ಪಡೆಗಳಿಗೆ ಮಾಡಿಸಿದ ಮಾದರಿ ಇದು. ಫ್ರಾನ್ಸಿನೊಡನೆ ಯುದ್ಧ ಶುರುವಾಗಿ ಬಂದೂಕು ಸಾಲದಾದಾಗ, 1797ರಲ್ಲಿ ಬ್ರಿಟಿಷ್ ಸರ್ಕಾರ ಇದನ್ನೇ ತನ್ನ ಸೈನ್ಯದ ಮಾದರಿ ಮಾಡಿಕೊಂಡಿತು. ನಳಿಗೆಯ ಉದ್ದ 39 ಅಂಗುಲ. ಹಿಂದಿನ ‘ಲಾಂಗ್ ಲ್ಯಾಂಡ್’ ಮಾದರಿಯದು 46, ‘ಶಾರ್ಟ್ ಲ್ಯಾಂಡ್’ ಮಾದರಿಯದು 42. ನಳಿಗೆಯ ಒಳವ್ಯಾಸ 0.75 ಅಂಗುಲ, ಅಂದರೆ 19 ಮಿ.ಮೀ. ಒಳಗೆ ಹಾಕುವ ಸೀಸದ ಗುಂಡು ಸುಮಾರು 0.69 ಅಂಗುಲ, ಅಂದರೆ 17.5 ಮಿ.ಮೀ. ಒಂದು ಪೌಂಡ್ ಸೀಸದಲ್ಲಿ 14 ಗುಂಡು ಎರಕ ಹೊಯ್ಯುತ್ತಿದ್ದರು, ಹಾಗಾಗಿ ಗುಂಡೊಂದಕ್ಕೆ 32 ಗ್ರಾಂ ತೂಕ. ನಳಿಗೆಗೂ ಗುಂಡಿಗೂ 1.5 ಮಿ.ಮೀ. ವ್ಯತ್ಯಾಸ.

ಇಷ್ಟು ಸಡಿಲ ಇರುವುದರಿಂದ ಗುಂಡು ನಳಿಗೆಯ ಗೋಡೆಗಳಿಗೆ ಬಡಿದುಕೊಳ್ಳುತ್ತಲೇ ಹೊರಡುತ್ತದೆ. ಬಾಯಿಯ ಹತ್ತಿರ ಕೊನೆಯ ಸಲ ಯಾವ ಬದಿಗೆ ಬಡಿಯಿತೋ ಅದರ ಎದುರು ಬದಿಗೆ ವಾಲುತ್ತದೆ. ಆ ಬಡಿತದಲ್ಲೇ ಯಾವುದೋ ಒಂದು ದಿಕ್ಕಿಗೆ ಸುತ್ತತೊಡಗುವುದರಿಂದ ಗಾಳಿಯಲ್ಲೂ ಸೊಟ್ಟ ಹೋಗುತ್ತದೆ. ಅದೂ ಅಲ್ಲದೆ ಮದ್ದು ಉರಿದು ಹುಟ್ಟಿದ ಅನಿಲದ ಒಂದು ಪಾಲು ಗುಂಡಿನ ಪಕ್ಕದಿಂದಲೇ ನುಸುಳಿ ಹೋಗುತ್ತದೆ.

ಹಾಗಾದರೆ ಸಂದು ಬಿಟ್ಟದ್ದು ಯಾಕೆ? ಕರಿಮದ್ದು ಪೂರ್ತಿ ಅನಿಲ ಆಗುವುದಿಲ್ಲ. ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಘನವಸ್ತುವಾಗಿಯೇ ಉಳಿಯುತ್ತದೆ. ಒಂದಷ್ಟು ದಟ್ಟ ಹೊಗೆಯಾಗಿ ಹೊರಬರುತ್ತದೆ, ಉಳಿದದ್ದು ಮಸಿಯಾಗಿ ನಳಿಗೆಯ ಒಳಗೋಡೆಗೆ ಅಂಟುತ್ತದೆ. ಪ್ರತಿ ಈಡಿಗೂ ಈ ಪದರ ದಪ್ಪವಾಗುತ್ತಾ ನಳಿಗೆ ಕಿರಿದಾಗುತ್ತದೆ. ಬಿಗಿ ಗುಂಡು ಹಾಕಿದ್ದರೆ ಕೆಲವೇ ಈಡುಗಳಾದ ಮೇಲೆ ಅದು ಅರ್ಧದಲ್ಲೇ ಕಚ್ಚಿಕೊಂಡು ನಿಲ್ಲುತ್ತದೆ. ಯುದ್ಧದ ನಡುವೆ ನೀರು ಹೊಯ್ದು ತೊಳೆಯುವುದಕ್ಕೆ ಬಿಡುವೆಲ್ಲಿ? ಸಡಿಲ ಗುಂಡಾದರೆ ಮಸಿ ಕಟ್ಟಿದ ಮೇಲೂ ಇಳಿಯುತ್ತದೆ. ಗುರಿ ಕೆಡಿಸಿದ ಸಂದೇ ಕೋವಿಯನ್ನು ಸಾಯಂಕಾಲದವರೆಗೆ ನಡೆಸಿತು.

ರೈಫಲ್‌ನ ಕಷ್ಟ ಇದಕ್ಕೆ ಉಲ್ಟಾ. 1800ರ ಬೇಕರ್ ರೈಫಲ್‌ನಲ್ಲಿ ಗುಂಡು ಗೀರುಗಳನ್ನು ಕಚ್ಚಲೇಬೇಕು. ಅದಕ್ಕಾಗಿ ಕೊಬ್ಬು ಸವರಿದ ತುಂಡಿನಲ್ಲಿ ಸುತ್ತಿ ಒತ್ತಿ ಇಳಿಸಬೇಕಿತ್ತು. ಮೊದಮೊದಲು ಸಿಪಾಯಿಗಳಿಗೆ ಮರದ ಸುತ್ತಿಗೆಯನ್ನೂ ಕೊಟ್ಟಿದ್ದರು. ಒಳ್ಳೆಯ ತರಬೇತಿ ಆದವನು ಮಸ್ಕೆಟ್‌ನಲ್ಲಿ ನಿಮಿಷಕ್ಕೆ ಮೂರು ಈಡು ಹೊಡೆಯುವ ಕಡೆ, ರೈಫಲ್‌ನಲ್ಲಿ ಒಂದು ಅಥವಾ ಹೆಚ್ಚೆಂದರೆ ಎರಡು. ಹಾಗಾಗಿ ರೈಫಲ್ ಚದುರಿ ನಿಂತು ಕಾದುವ ಆಯ್ದ ಪಡೆಗಳಿಗೆ ಹೋಯಿತು, ಮಸ್ಕೆಟ್ ಸಾಲಿನಲ್ಲೇ ಉಳಿಯಿತು.

ಸಾಲುಮರ
ಬ್ರೌನ್ ಬೆಸ್‌ಗೆ ಹಿಂಬದಿಯ ಗುರಿಗಣ್ಣೇ ಇರಲಿಲ್ಲವಂತೆ, ನಿಜವೇ? ನಳಿಗೆಯ ಬಾಯಿಯ ಹತ್ತಿರ ಮೇಲ್ಗಡೆ ಒಂದು ಚೌಕ ಉಬ್ಬು ಕಾಣುತ್ತದಲ್ಲ, ಅದೇನು?

ನಳಿಗೆ
ನಿಜ, ಹಿಂಗಣ್ಣು ಇರಲಿಲ್ಲ. ಆ ಉಬ್ಬು ಇರುವುದು ಬಯೊನೆಟ್ ಸಿಕ್ಕಿಸಲಿಕ್ಕೆ. ಬಯೊನೆಟ್‌ನ ಕೊಳವೆಯಲ್ಲಿ ಅಂಕುಡೊಂಕಾಗಿ ಕೊರೆದ ಸೀಳು ಇರುತ್ತದೆ. ಉಬ್ಬನ್ನು ಆ ಸೀಳಿಗೆ ತೂರಿಸಿ ತಿರುಗಿಸಿದರೆ ಬಿಗಿಯುತ್ತದೆ. ಗುರಿ ನೋಡುವಾಗ ಕಣ್ಣಿಗೆ ಅದೇ ಆಧಾರ, ಬಯೊನೆಟ್ ಹಾಕಿದ ಮೇಲೆ ಅದೂ ಮರೆಯಾಗುತ್ತದೆ. 17 ಅಂಗುಲದ ಆ ಮೂರು ಮೂಲೆಯ ಅಲಗು ನಳಿಗೆಯ ಪಕ್ಕಕ್ಕೆ ಬಾಗಿ ನಿಲ್ಲುವಂತೆ ಮಾಡಿದ್ದು, ಅದನ್ನು ಸಿಕ್ಕಿಸಿಕೊಂಡೇ ಈಡು ತುಂಬಲಿ ಎಂದು. ಹಳೆಯ ಬಯೊನೆಟ್‌ನ ಹಿಡಿಯನ್ನು ನಳಿಗೆಯ ಬಾಯಿಗೇ ತುರುಕಬೇಕಿತ್ತು, ತುರುಕಿದರೆ ಕೋವಿ ಮೂಕ. 1689ರಲ್ಲಿ ಸ್ಕಾಟ್ಲೆಂಡಿನ ಕಿಲ್ಲಿಕ್ರಾಂಕಿಯಲ್ಲಿ ಸರ್ಕಾರಿ ಪಡೆ ಅದನ್ನು ತುರುಕುವಷ್ಟರಲ್ಲೇ ಗುಡ್ಡಗಾಡಿನವರು ಮೈಮೇಲೆ ಬಿದ್ದಿದ್ದರು.

ಕವಾಯತು
ಈಡು ತುಂಬುವ ಕ್ರಮ ಗೊತ್ತಾದರೆ ಸಾಲಿನ ಕಾರಣವೂ ಗೊತ್ತಾಗುತ್ತದೆ. ಬ್ರಿಟಿಷ್ ಕವಾಯತಿನ ಕ್ರಮ ಇದು.

ಕುದುರೆಯನ್ನು, ಅಂದರೆ ಚಕಮಕಿ ಕಲ್ಲು ಕಚ್ಚಿಕೊಂಡ ಬಾಗಿದ ತೋಳನ್ನು, ಅರ್ಧಕ್ಕೆ ಎಳೆದು ನಿಲ್ಲಿಸಬೇಕು. ಚೀಲದಿಂದ ಕಾಗದದ ತೋಟೆಯನ್ನು, ಅಂದರೆ ಮದ್ದು ಗುಂಡು ಸುತ್ತಿಟ್ಟ ಪೊಟ್ಟಣವನ್ನು, ತೆಗೆದು ಗುಂಡಿಲ್ಲದ ತುದಿಯನ್ನು ಹಲ್ಲಿನಿಂದ ಹರಿಯಬೇಕು. ಚಿಟಿಕೆಯಷ್ಟು ಮದ್ದನ್ನು (ಬೆಂಕಿ ಹೊತ್ತಿಸುವ ಈ ಮದ್ದೇ ರಂಜಕ) ಪಕ್ಕದ ರಂಜಕದ ಬಟ್ಟಲಿಗೆ ಸುರಿದು ಉಕ್ಕಿನ ಮುಚ್ಚಳ ಮುಚ್ಚಬೇಕು. ಕೋವಿಯ ಹಿಂಬದಿ ನೆಲಕ್ಕೂರಿ, ಉಳಿದ ಮದ್ದನ್ನು ನಳಿಗೆಯ ಬಾಯಿಗೆ ಸುರಿದು, ಅದರ ಹಿಂದೆಯೇ ಗುಂಡನ್ನು ಕಾಗದದ ಸಮೇತ ತಳ್ಳಬೇಕು. ನಳಿಗೆಯ ಕೆಳಗಿರುವ ಗಜವನ್ನು, ಅಂದರೆ ಜಡಿಯುವ ಕಂಬಿಯನ್ನು, ಎಳೆದು ತಲೆಕೆಳಗು ಮಾಡಿ ಗುಂಡು ಮದ್ದಿನ ಮೇಲೆ ಕೂರುವ ತನಕ ಜಡಿದು, ಮತ್ತೆ ಅದರ ಜಾಗಕ್ಕೆ ಸೇರಿಸಬೇಕು. ಕುದುರೆಯನ್ನು ಪೂರ್ತಿ ಎಳೆದು, ಕೋವಿ ಎತ್ತಿ ಹೊಡೆಯಬೇಕು. ತೋಟೆಯೊಂದರಲ್ಲಿ ರಂಜಕವೂ ಸೇರಿ ಸುಮಾರು 6 ಡ್ರಾಂ ಮದ್ದು, ಅಂದರೆ 10.6 ಗ್ರಾಂ. ನೆಪೋಲಿಯನ್ ಕಾಲದ ಬ್ರಿಟಿಷ್ ಸಿಪಾಯಿ 60 ತೋಟೆ ಹೊರುತ್ತಿದ್ದ, ಮದ್ದು ಗುಂಡಿನ ಲೆಕ್ಕವೇ ಎರಡೂವರೆ ಕಿಲೋ ಮೀರುತ್ತದೆ.

ಎಡವುವ ಜಾಗಗಳು ಹಲವು. ಬಟ್ಟಲನ್ನು ತುಂಬಿ ತುಳುಕಿಸಿ ನಳಿಗೆಯ ಕಿವಿಯನ್ನೂ, ಅಂದರೆ ಬಟ್ಟಲಿನಿಂದ ಒಳಗೆ ಬೆಂಕಿ ಹೋಗುವ ತೂತನ್ನೂ, ಮದ್ದಿನಿಂದ ಮುಚ್ಚಿದರೆ, ಬೆಂಕಿ ಥಟ್ಟನೆ ಒಳಗೆ ಹಾರುವ ಬದಲು ಬತ್ತಿಯ ಹಾಗೆ ಉರಿಯುತ್ತಾ ಒಳಹೋಗುತ್ತದೆ. ಕುದುರೆ ಬಿದ್ದದ್ದಕ್ಕೂ ಈಡು ಹಾರಿದ್ದಕ್ಕೂ ನಡುವೆ ತಡವಾಗಿ ಅಷ್ಟರಲ್ಲಿ ಕೈ ಅಲುಗಿರುತ್ತದೆ. ಗುಂಡು ಪೂರ್ತಿ ಕೂರದೆ ನಡುವೆ ನಿಂತರೆ ಇನ್ನೂ ಅಪಾಯ, ಆ ಖಾಲಿ ಜಾಗದಿಂದಾಗಿ ನಳಿಗೆ ಅಲ್ಲೇ ಉಬ್ಬಬಹುದು ಅಥವಾ ಸಿಡಿಯಬಹುದು. ಗಾಬರಿಯಲ್ಲಿ ಗಜವನ್ನು ನಳಿಗೆಯಲ್ಲೇ ಮರೆತು ಹೊಡೆದರೆ ಗಜ ಶತ್ರುವಿನ ಕಡೆ ಹಾರಿಹೋಗುತ್ತದೆ, ಆಮೇಲೆ ಆ ಸಿಪಾಯಿಯ ಕೋವಿ ಬಯೊನೆಟ್ ಸಿಕ್ಕಿಸಿದ ಕೋಲು ಮಾತ್ರ. ಮೊದಲು ಗಜ ಮರದ್ದಿತ್ತು, ಅವಸರದಲ್ಲಿ ಮುರಿಯುತ್ತಿತ್ತು. 18ನೇ ಶತಮಾನದ ಮೊದಲ ಭಾಗದಲ್ಲಿ ಜರ್ಮನ್ ರಾಜ್ಯವಾದ ಪ್ರಷ್ಯಾದವರು ಕಬ್ಬಿಣದ ಗಜ ತಂದರು. ಅವರ ಪಡೆಗಳ ವೇಗಕ್ಕೆ ಇದೂ ಒಂದು ಕಾರಣ.

ಎಲ್ಲಕ್ಕಿಂತ ಕೆಟ್ಟದ್ದು ಈಡಿನ ಮೇಲೆ ಈಡು ತುಂಬುವುದು. ಸುತ್ತ ನೂರಾರು ಕೋವಿ ಒಟ್ಟಿಗೆ ಸಿಡಿಯುವಾಗ ತನ್ನದು ಹಾರಿತೋ ಇಲ್ಲವೋ ಅನ್ನುವುದೇ ಗೊತ್ತಾಗುವುದಿಲ್ಲ. 1863ರ ಅಮೆರಿಕದ ಗೆಟ್ಟಿಸ್‌ಬರ್ಗ್ ಯುದ್ಧದ ಬಳಿಕ ನೆಲದಿಂದ ಆಯ್ದ 27,574 ಬಂದೂಕುಗಳಲ್ಲಿ ಸುಮಾರು 24,000ದಲ್ಲಿ ಈಡು ಹಾಗೇ ಇತ್ತು. ಅವುಗಳಲ್ಲಿ ಅರ್ಧದಷ್ಟರಲ್ಲಿ ಎರಡೆರಡು ಈಡು, ಸುಮಾರು 6,000ದಲ್ಲಿ ಮೂರರಿಂದ ಹತ್ತು. ಅಷ್ಟು ಹೊತ್ತಿಗೆ ಚಕಮಕಿ ಹೋಗಿ ಕೇಪು, ಅಂದರೆ ಬಡಿದರೆ ಹೊತ್ತುವ ಮದ್ದಿನ ಸಣ್ಣ ಟೋಪಿ, ಬಂದಿತ್ತು, ಆದರೂ ಹೀಗೆ. ಕವಾಯತಿನಲ್ಲಿ ಒಂದೊಂದು ಚಲನೆಗೂ ಒಂದೊಂದು ಹುಕುಂ ಇಟ್ಟು ಗಂಟೆಗಟ್ಟಲೆ ತಿದ್ದಿಸುತ್ತಿದ್ದದ್ದು ಈ ಕಾರಣಕ್ಕೇ.

ಚಕಮಕಿ
ಮೇಲಿನದಕ್ಕೆ ಕುದುರೆ, ಕಲ್ಲುಗಳ ವಿಷಯ ಸೇರಿಸುತ್ತೇನೆ. ಬ್ರಿಟಿಷರು 1834ರಲ್ಲಿ ವುಲ್ವಿಚ್‌ನಲ್ಲಿ ಚಕಮಕಿ ಕೋವಿ, ಕೇಪಿನ ಕೋವಿ ಎರಡನ್ನೂ ಪರೀಕ್ಷಿಸಿದರು. ತಲಾ 6,000 ಈಡಿನಲ್ಲಿ ಚಕಮಕಿಯದು 922 ಸಲ ಹಾರಲಿಲ್ಲ, ಕೇಪಿನದು 36 ಸಲ ಮಾತ್ರ. ಹೆಚ್ಚುಕಡಿಮೆ ಆರೂವರೆ ಸಲಕ್ಕೊಮ್ಮೆ ಚಕಮಕಿ ಕೈಕೊಟ್ಟಿದೆ, ಅದೂ ಯುದ್ಧದ ಗಡಿಬಿಡಿ ಇಲ್ಲದ ಜಾಗದಲ್ಲಿ.

ಕಿಡಿ ಕಲ್ಲಿನಿಂದ ಹುಟ್ಟುತ್ತದೆ ಎಂದುಕೊಳ್ಳುವವರು ಬಹಳ. ಹಾಗಲ್ಲ. ಕಲ್ಲಿನ ಚೂಪು ಅಂಚು ಉಕ್ಕಿನ ಮುಚ್ಚಳದ ಮುಖವನ್ನು ಕೆರೆದಾಗ ಏಳುವ ಸಣ್ಣ ಉಕ್ಕಿನ ಪುಡಿಯೇ ಗಾಳಿಯಲ್ಲಿ ಉರಿದು ಕಿಡಿಯಾಗುವುದು. ಆದ್ದರಿಂದ ಮುಚ್ಚಳದ ಮುಖ ಗಟ್ಟಿ ಹದದ ಉಕ್ಕಾಗಿರಬೇಕು. ಮೆತು ಕಬ್ಬಿಣವಾದರೆ ಗೀರು ಬೀಳುತ್ತದೆ, ಕಿಡಿ ಏಳುವುದಿಲ್ಲ. ಕಲ್ಲನ್ನು ಕುದುರೆಯ ಹಲ್ಲುಗಳ ನಡುವೆ ಬರಿದೇ ಬಿಗಿದರೆ ಜಾರುತ್ತದೆ ಅಥವಾ ಸೀಳುತ್ತದೆ, ಹಾಗಾಗಿ ತೊಗಲಿನ ತುಂಡಿನಲ್ಲೋ ಸೀಸದ ತಗಡಿನಲ್ಲೋ ಸುತ್ತಿ ಬಿಗಿಯುತ್ತಿದ್ದರು. ಅಂಚು ಮುಚ್ಚಳಕ್ಕೆ ಉದ್ದಕ್ಕೂ ಸಮನಾಗಿ ತಾಗಬೇಕು, ಒಂದು ಮೂಲೆ ಮಾತ್ರ ತಾಗಿದರೆ ಎರಡೋ ಮೂರೋ ಕಿಡಿ ಬಿದ್ದು ಮುಗಿಯಿತು. ಅಂಚು ಮೊಂಡಾದಾಗ ಸಣ್ಣಗೆ ತಟ್ಟಿ ಹೊಸ ಅಂಚು ತೆಗೆಯಬೇಕು, ಇಲ್ಲವೇ ಕಲ್ಲನ್ನೇ ಬದಲಿಸಬೇಕು. ಬ್ರಿಟಿಷರಿಗೆ ಈ ಕಲ್ಲು ಸಫೋಕ್‌ನ ಬ್ರ್ಯಾಂಡನ್ ಊರಿಂದ ಬರುತ್ತಿತ್ತು.

ಬಟ್ಟಲಿನ ಮದ್ದು ಭಗ್ಗೆಂದು ಉರಿದರೂ ಈಡು ಹಾರದಿದ್ದರೆ ಮೊದಲು ನೋಡಬೇಕಾದ್ದು ನಳಿಗೆಯ ಕಿವಿ. ಮಸಿ ಕಟ್ಟಿ ಆ ತೂತು ಮುಚ್ಚಿಹೋಗಿರುತ್ತದೆ. ಅದನ್ನು ಚುಚ್ಚಿ ಬಿಡಿಸಲು ಒಂದು ತಂತಿ, ಬಟ್ಟಲು ಗುಡಿಸಲು ಒಂದು ಸಣ್ಣ ಕುಂಚ ಪ್ರತಿ ಸಿಪಾಯಿಯ ಎದೆಪಟ್ಟಿಯಲ್ಲಿ ತೂಗುತ್ತಿದ್ದವು.

ಗುರಿಕಾರ
ನಳಿಗೆಯವರ ವಿವರಣೆ ಒಪ್ಪುತ್ತೇನೆ, ಆದರೆ ಗುರಿ ತಪ್ಪಿದ್ದಕ್ಕೆಲ್ಲ ಸಂದನ್ನೇ ದೂರುವುದು ಸರಿಯಲ್ಲ. ಆಸ್ಟ್ರಿಯಾದ ಗ್ರಾಜ್ ನಗರದ ಹಳೆಯ ಶಸ್ತ್ರಾಗಾರದ ಅಸಲಿ ಬಂದೂಕುಗಳನ್ನು 1988-89ರಲ್ಲಿ ಪರೀಕ್ಷೆ ಮಾಡಿದ್ದಾರೆ. ಕಟ್ಟೆಗೆ ಬಿಗಿದ ನುಣುಪು ನಳಿಗೆಯಿಂದ 100 ಮೀಟರ್ ದೂರದ ಆಳೆತ್ತರದ ಗುರಿಗೆ ಸುಮಾರು ಅರ್ಧದಷ್ಟು ಈಡು ಬಿದ್ದವು. ಗುಂಡು ಹೊರಡುವ ವೇಗ ಸೆಕೆಂಡಿಗೆ 450 ಮೀಟರ್ ಆಸುಪಾಸು. ದುಂಡಗಿನ ಗುಂಡಾದ್ದರಿಂದ ಗಾಳಿಯಲ್ಲಿ ಆ ವೇಗ ಬೇಗ ಇಳಿಯುತ್ತದೆ, ಆದರೂ ಅದು ಕಡಿಮೆ ಏಟಲ್ಲ.

ಯುದ್ಧಭೂಮಿಯಲ್ಲಿ ಇದರ ಹತ್ತಿರಕ್ಕೂ ಹೋಗುತ್ತಿರಲಿಲ್ಲ. ಕೆನ್ನೆಯ ಪಕ್ಕದಲ್ಲೇ ರಂಜಕ ಭಗ್ಗೆನ್ನುವಾಗ ಕಣ್ಣು ತಾನಾಗಿ ಮುಚ್ಚುತ್ತದೆ. ಕುದುರೆ ಬೀಳಿಸುವ ಟ್ರಿಗರ್ ಬಿಗಿ, ಎಳೆಯುವಾಗ ಕೋವಿಯೇ ಓಲಾಡುತ್ತದೆ. ಎರಡು ಸುತ್ತು ಹೊಡೆಯುವಷ್ಟರಲ್ಲಿ ಹೊಗೆಯಲ್ಲಿ ಎದುರಿನವರ ಕಾಲು ಮಾತ್ರ ಕಾಣುತ್ತದೆ. ಹೆಚ್ಚಿನವರು ಎತ್ತರಕ್ಕೆ ಹೊಡೆಯುತ್ತಿದ್ದರು, ಅದಕ್ಕೇ ಅಧಿಕಾರಿಗಳು ಕೆಳಗೆ ಹಿಡಿಯಿರಿ, ಕೆಳಗೆ ಹಿಡಿಯಿರಿ ಎಂದು ಕೂಗುತ್ತಿದ್ದದ್ದು. ಮದ್ದು ಸೀಸ ಎರಡೂ ದುಬಾರಿ, ಆದ್ದರಿಂದ ನಿಜ ಗುಂಡಿನ ಅಭ್ಯಾಸವೂ ಕಡಿಮೆ. ನನ್ನ ಮಟ್ಟಿಗೆ, ನಳಿಗೆಯ ತಪ್ಪಿಗಿಂತ ಇವುಗಳ ತಪ್ಪೇ ದೊಡ್ಡದು.

ಕವಾಯತು
ಅದಕ್ಕೇ ಸಾಲು. ಒಬ್ಬೊಬ್ಬರಿಂದ ಗುರಿ ಸಿಗದಿದ್ದರೆ ಒಂದೇ ಕ್ಷಣದಲ್ಲಿ ಎಷ್ಟು ಸೀಸ ಕಳಿಸಬಹುದು ಅನ್ನುವುದೇ ಲೆಕ್ಕ. ಸಮಯದ ಲೆಕ್ಕ ನೋಡಿ. ಬ್ರಿಟಿಷ್ ಕಾಲಾಳುವಿನ ಬಿರುಸು ನಡಿಗೆ ನಿಮಿಷಕ್ಕೆ 108 ಹೆಜ್ಜೆ, ಹೆಜ್ಜೆಗೆ 30 ಅಂಗುಲ, ಒಟ್ಟು 82 ಮೀಟರ್. 100 ಮೀಟರ್ ದೂರದಿಂದ ಬರುವ ಕಾಲಾಳು ಪಡೆಗೆ ಒಂದೂಕಾಲು ನಿಮಿಷ ಬೇಕು, ಅಷ್ಟರಲ್ಲಿ ಮೂರು ಸುತ್ತು ಹೊಡೆಯಬಹುದು. ಅದೇ ದೂರವನ್ನು ನಾಗಾಲೋಟದ ಕುದುರೆ ಪಡೆ 20 ಸೆಕೆಂಡಿನೊಳಗೇ ದಾಟುತ್ತದೆ, ಸಿಗುವುದು ಒಂದೇ ಸುತ್ತು. ಆ ಒಂದನ್ನು ದೂರದಲ್ಲೇ ಹಾಳುಮಾಡಿಕೊಂಡರೆ ಉಳಿಯುವುದು ಬಯೊನೆಟ್. ಹೊಡೆಯದೆ ಕಾಯುವುದನ್ನು ಕಲಿಸುವುದು ಹೊಡೆಯುವುದನ್ನು ಕಲಿಸುವುದಕ್ಕಿಂತ ಕಷ್ಟದ್ದು.

ಕಂದಾಚಾರ
ಮೈಸೂರಿನ ವಿಷಯಕ್ಕೆ ಬರುತ್ತೇನೆ. ಟಿಪ್ಪುವಿನ ಸೈನ್ಯದಲ್ಲಿ ಎರಡೂ ಬಗೆಯ ಕೋವಿಗಳಿದ್ದವು. ಕವಾಯತು ಕಲಿತ ಕಾಲಾಳುಗಳಲ್ಲಿ ಚಕಮಕಿ ಕೋವಿ ಮತ್ತು ಬಯೊನೆಟ್, ಕಂದಾಚಾರ ಎನ್ನುತ್ತಿದ್ದ ಸ್ಥಳೀಯ ಪಡೆಗಳಲ್ಲಿ ಬತ್ತಿ ಕೋವಿ. ಫ್ರೆಂಚರಿಂದ ಬಂದ ಬಂದೂಕುಗಳಿದ್ದವು, ಅವರ ಮಾದರಿ ನೋಡಿ ಶ್ರೀರಂಗಪಟ್ಟಣ ಮತ್ತು ನಗರದಲ್ಲಿ (ಬಿದನೂರಿನಲ್ಲಿ) ಮಾಡಿದವೂ ಇದ್ದವು. 1788ರಲ್ಲಿ ಪ್ಯಾರಿಸ್‌ಗೆ ಹೋದ ಟಿಪ್ಪುವಿನ ರಾಯಭಾರಿಗಳು ಫ್ರಾನ್ಸಿನ ದೊರೆಯಲ್ಲಿ ಕೇಳಿದ್ದು ಸೈನ್ಯದ ನೆರವು ಮಾತ್ರವಲ್ಲ, ಕುಶಲಕರ್ಮಿಗಳನ್ನೂ. ಇವತ್ತು ವಸ್ತುಸಂಗ್ರಹಾಲಯಗಳಲ್ಲಿ ಉಳಿದಿರುವ ಟಿಪ್ಪು ಕೋವಿಗಳಲ್ಲಿ ಹುಲಿಪಟ್ಟೆಯ ಗುರುತು, ಕೆಲವದರಲ್ಲಿ ಹುಲಿಯ ಆಕಾರದ ಕುದುರೆ ಕಾಣುತ್ತದೆ.

ಬತ್ತಿ ಕೋವಿಯನ್ನು ಹಳೆಯದೆಂದು ತಳ್ಳಿಹಾಕಬೇಡಿ. ಉರಿಯುವ ಬತ್ತಿ ನೇರ ಮದ್ದಿಗೆ ತಾಗುವುದರಿಂದ ಒಣ ಹವೆಯಲ್ಲಿ ಅದು ಚಕಮಕಿಗಿಂತ ಕಡಿಮೆ ಕೈಕೊಡುತ್ತದೆ. ಕುದುರೆ ಬಡಿಯುವ ಹೊಡೆತವಿಲ್ಲ, ಗುರಿ ಅಲುಗುವುದಿಲ್ಲ. ಬಿಗಿ ಸ್ಪ್ರಿಂಗ್, ಗಟ್ಟಿ ಹದದ ಉಕ್ಕು ಇವ್ಯಾವುದೂ ಬೇಡ, ಊರಿನ ಕಮ್ಮಾರನೇ ರಿಪೇರಿ ಮಾಡುತ್ತಾನೆ. ನಮ್ಮಲ್ಲಿಯ ಬತ್ತಿ ಕೋವಿಗಳ ನಳಿಗೆ ಉದ್ದವೂ ದಪ್ಪವೂ ಆಗಿರುತ್ತಿತ್ತು. ಕೋಟೆಯ ಗೋಡೆಗೆ ಆನಿಸಿ ಹೊಡೆಯುವವನಿಗೆ ಅದು ಒಳ್ಳೆಯ ಆಯುಧವೇ.

ಸೋತದ್ದು ಬಯಲಿನಲ್ಲಿ. ಕೈಯಲ್ಲಿ ಉರಿಯುವ ಬತ್ತಿ, ಪಕ್ಕದವನ ಸೊಂಟದಲ್ಲಿ ಮದ್ದು, ಇಬ್ಬರ ನಡುವೆ ದೂರ ಬಿಡಲೇಬೇಕು. ಚಕಮಕಿಯವರು ಭುಜ ತಾಗಿಸಿ ನಿಂತರೆ ಅದೇ ಅಗಲದಲ್ಲಿ ಹೆಚ್ಚು ಕೋವಿ ಹಿಡಿಸುತ್ತವೆ. ರಾತ್ರಿಯಾದರೆ ಬತ್ತಿಯ ಕೆಂಡ ದೂರಕ್ಕೆ ಕಾಣುತ್ತದೆ. ಕಾವಲಿಗೆ ನಿಂತವನು ಹೊಡೆಯಲಿ ಬಿಡಲಿ, ಬತ್ತಿ ಉರಿಯುತ್ತಲೇ ಇರಬೇಕು.

ಮಳೆಗಾಲ
ಹವೆಯ ಮಾತು ಬಂತು. ಮಳೆಗೆ ಎರಡೂ ಸೋಲುತ್ತವೆ. ರಂಜಕ ಒದ್ದೆಯಾಗಿ ಅಂಟಾಗುತ್ತದೆ, ಎಷ್ಟು ಕಿಡಿ ಬಿದ್ದರೂ ವ್ಯರ್ಥ. ಎಣ್ಣೆ ಹಾಕಿದ ಬಟ್ಟೆಯೋ ತೊಗಲೋ ಸುತ್ತಿಟ್ಟರೆ ನಡೆಯುವಾಗ ಕಾಪಾಡುತ್ತದೆ, ಹೊಡೆಯಲು ಬಿಚ್ಚಲೇಬೇಕಲ್ಲ. 1757ರಲ್ಲಿ ಪ್ಲಾಸಿಯಲ್ಲಿ ಮಳೆ ಹುಯ್ದಾಗ ಕ್ಲೈವ್‌ನ ಕಡೆಯವರು ಮದ್ದನ್ನು ಟಾರ್ಪಾಲಿನ್ ಹೊದಿಸಿ ಉಳಿಸಿಕೊಂಡರು, ನವಾಬನ ಕಡೆ ಮದ್ದು ನೆನೆದುಹೋಯಿತು. 1813ರ ಆಗಸ್ಟ್ 26ರಂದು ಕಾಟ್ಸ್‌ಬಾಕ್‌ನಲ್ಲಿ ಪ್ರಷ್ಯನ್ನರೂ ಫ್ರೆಂಚರೂ ಜಡಿಮಳೆಯಲ್ಲಿ ಸಿಕ್ಕಿ ಬಯೊನೆಟ್, ಕೋವಿಯ ಹಿಂಬದಿಗಳಲ್ಲೇ ಬಡಿದಾಡಿದರು.

ಆ ಪ್ಲಾಸಿಯ ಗೆಲುವಿನ ಮರುವರ್ಷವೇ ಕಂಪನಿ ಬಿಹಾರದ ಪೆಟ್ಲುಪ್ಪಿನ ಏಕಸ್ವಾಮ್ಯ ಪಡೆಯಿತು. ಕರಿಮದ್ದಿನಲ್ಲಿ ಮುಕ್ಕಾಲು ಪಾಲು ಪೆಟ್ಲುಪ್ಪೇ. ಇಂಡಿಯಾದ ಮಣ್ಣಿನಿಂದ ತೆಗೆದ ಆ ಉಪ್ಪು ಯುರೋಪಿನ ಯುದ್ಧಗಳಲ್ಲೂ ಉರಿಯಿತು.

ಕೋಟೆಬಾಗಿಲು
ತುಂಬಾ ಉಪಕಾರ. ಹಾಗಾದರೆ ಕೊನೆಗೆ ಈ ಸಂದಿನ ಸಮಸ್ಯೆ ಬಗೆಹರಿದದ್ದು ಹೇಗೆ?

ನಳಿಗೆ
ತುಂಬುವಾಗ ಸಡಿಲ, ಹಾರುವಾಗ ಬಿಗಿ ಇರುವ ಗುಂಡಿನಿಂದ. 1840ರ ದಶಕದ ಕೊನೆಯಲ್ಲಿ ಫ್ರಾನ್ಸಿನ ಮಿನಿಯೇ ರೂಪಿಸಿದ ಗುಂಡು ಉದ್ದ, ಮುಂದೆ ಚೂಪು, ಹಿಂದೆ ಟೊಳ್ಳು. ನಳಿಗೆಗಿಂತ ಸ್ವಲ್ಪ ಸಣ್ಣದಾದ್ದರಿಂದ ಸಲೀಸಾಗಿ ಇಳಿಯುತ್ತದೆ. ಮದ್ದು ಉರಿದಾಗ ಹಿಂಬದಿಯ ಟೊಳ್ಳು ಹಿಗ್ಗಿ ಗೀರುಗಳನ್ನು ಕಚ್ಚುತ್ತದೆ. 1853ರ ಎನ್‌ಫೀಲ್ಡ್ ಇದೇ ತತ್ವದ್ದು, ಒಳವ್ಯಾಸ 0.577 ಅಂಗುಲ.

ಆದರೆ ಸಂದು ಕಿರಿದಾದದ್ದಕ್ಕೆ ಜಿಡ್ಡು ಬೇಕಾಯಿತು. ಗೀರುಗಳಲ್ಲಿ ಮಸಿ ಕಟ್ಟದಂತೆ, ಗುಂಡು ಜಾರುವಂತೆ ತೋಟೆಯ ಕಾಗದಕ್ಕೆ ಕೊಬ್ಬು ಸವರಿದರು. ಹಳೆಯ ಬ್ರೌನ್ ಬೆಸ್ ತೋಟೆಗೆ ಆ ಜಿಡ್ಡಿನ ಅಗತ್ಯ ಇರಲಿಲ್ಲ. ತೋಟೆಯನ್ನು ಹಲ್ಲಿನಿಂದ ಹರಿಯುವ ಹಳೆಯ ಕವಾಯತು, ಕೊಬ್ಬು ಸವರಿದ ಹೊಸ ಕಾಗದ, ಇವೆರಡೂ 1857ರ ಜನವರಿಯಲ್ಲಿ ಕೋಲ್ಕತ್ತದ ಹತ್ತಿರದ ಡಂಡಂನಲ್ಲಿ ಒಂದುಗೂಡಿದವು. ಮುಂದೆ ನಡೆದ ಸಿಪಾಯಿ ದಂಗೆ ಎಲ್ಲರಿಗೂ ಗೊತ್ತು. ಆಗ ಬಂದ ನಿಶ್ಶಸ್ತ್ರೀಕರಣ ಕಾಯ್ದೆಗೆ ಆಯುಧ ಒಪ್ಪಿಸಲು ಒಲ್ಲೆವೆಂದೇ ಆ ವರ್ಷದ ನವೆಂಬರ್‌ನಲ್ಲಿ ಹಲಗಲಿಯ ಬೇಡರು ಸಿಡಿದೆದ್ದದ್ದು.

ಸಾಲುಮರ
ಇನ್ನೊಂದು ಕೇಳಬೇಕಿತ್ತು. ಮಲೆನಾಡು, ಕೊಡಗಿನ ಹಳೆ ಮನೆಗಳಲ್ಲಿ ಬಾಯಿಯಿಂದ ತುಂಬುವ ಕೋವಿಗಳು ಈಗಲೂ ಗೋಡೆಯಲ್ಲಿ ಇರುತ್ತವೆ. ಒಳಗೆ ಹಳೆಯ ಈಡು ಉಳಿದಿದೆಯೋ ಇಲ್ಲವೋ ತಿಳಿಯುವುದು ಹೇಗೆ?

ಚಕಮಕಿ
ಇದೆ ಎಂದುಕೊಂಡೇ ಶುರು ಮಾಡಬೇಕು. ಕರಿಮದ್ದು ಒಣಗಿದ್ದರೆ ದಶಕಗಳಾದರೂ ಹಾಳಾಗುವುದಿಲ್ಲ. ಕೇಪು ಇದ್ದರೆ ಅನುಭವಸ್ಥರು ಮೊದಲು ಅದನ್ನು ತೆಗೆಯಲಿ. ನಳಿಗೆಯ ಬಾಯಿ ಯಾರ ಕಡೆಗೂ ಇರಬಾರದು, ನೋಡುವವರ ಮುಖವೂ ಅದರ ಎದುರು ಬರಬಾರದು. ಒಂದು ಮರದ ಕೋಲನ್ನು ನಿಧಾನವಾಗಿ, ಬಡಿಯದೆ, ತಳಕ್ಕೆ ಮುಟ್ಟುವವರೆಗೆ ಇಳಿಸಿ ಬಾಯಿಯ ಮಟ್ಟಕ್ಕೆ ಗುರುತು ಹಾಕಬೇಕು. ಕೋಲು ಹೊರತೆಗೆದು ನಳಿಗೆಯ ಹೊರಗಡೆ ಹಿಡಿದು ಆ ಗುರುತನ್ನು ಬಾಯಿಗೆ ಸರಿಹೊಂದಿಸಿ. ಕೋಲಿನ ಇನ್ನೊಂದು ತುದಿ ಕಿವಿಯ ತನಕ ಬಂದರೆ ನಳಿಗೆ ಖಾಲಿ. ಕಿವಿಗಿಂತ ಎರಡು ಮೂರು ಅಂಗುಲ ಮುಂದೆಯೇ ನಿಂತರೆ ಒಳಗೆ ಏನೋ ಇದೆ. ಈಡೇ ಇರಬಹುದು, ಕಣಜದ ಮಣ್ಣುಗೂಡೂ ಇರಬಹುದು. ಯಾವುದೇ ಆದರೂ ಕಂಬಿಯಲ್ಲಿ ಕುಟ್ಟಬೇಡಿ, ಬಿಸಿ ಮಾಡಬೇಡಿ, ಹೊಡೆದು ಖಾಲಿ ಮಾಡೋಣ ಅನ್ನಲೇಬೇಡಿ. ಪರವಾನಗಿ ಇರುವ ಬಂದೂಕು ರಿಪೇರಿಯವರ ಹತ್ತಿರ ಒಯ್ಯುವುದೇ ಸರಿ. ಅವರು ಮದ್ದನ್ನು ನೆನೆಸಿ, ತಿರುಪಿನ ತುದಿಯ ಕಂಬಿಯಿಂದ ಗುಂಡನ್ನು ಹಿಡಿದು ಎಳೆಯುತ್ತಾರೆ.

ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದೆ, 2019ರ ಆದೇಶದಂತೆ 2029ರವರೆಗೆ. ಉಳಿದವರ ಮನೆಯಲ್ಲಿ ಹಳೆಯ ಕೋವಿ ಸಿಕ್ಕರೆ ಕಾಗದಪತ್ರ ಮೊದಲು ನೋಡಿಕೊಳ್ಳಿ.

ನಳಿಗೆ
ಖಾಲಿ ಎಂದು ಖಾತ್ರಿ ಆದ ಮೇಲೆ ಒಳಗಿನ ಹಳೆಯ ಮಸಿಗೆ ಎಣ್ಣೆ ಒಂದನ್ನೇ ಹಚ್ಚಬೇಡಿ. ಆ ಮಸಿ ಲವಣದ್ದು, ಗಾಳಿಯ ತೇವ ಹೀರಿ ಕಬ್ಬಿಣ ತಿನ್ನುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಮರದಿಂದ ನಳಿಗೆ ಬಿಚ್ಚಿ, ಬಿಸಿನೀರು ಹೊಯ್ದು, ಬಟ್ಟೆ ಸುತ್ತಿದ ಗಜದಿಂದ ನೀರು ತಿಳಿಯಾಗುವ ತನಕ ಉಜ್ಜಿ. ಬಿಸಿಗೆ ನಳಿಗೆ ತಾನೇ ಒಣಗುತ್ತದೆ, ಎಣ್ಣೆ ಆಮೇಲೆ. ಬಿಚ್ಚುವಾಗ ಒಂದು ಎಚ್ಚರ: ಫ್ರೆಂಚ್ ಮಾದರಿಯಲ್ಲಿ ನಳಿಗೆಯನ್ನು ಮರಕ್ಕೆ ಹಿಡಿದಿರುವುದು ಕಬ್ಬಿಣದ ಪಟ್ಟಿಗಳು, ಅವು ಮುಂದಕ್ಕೆ ಜಾರಿ ಬರುತ್ತವೆ. ಬ್ರಿಟಿಷ್ ಮಾದರಿಯಲ್ಲಿ ಮರದೊಳಗೆ ಅಡ್ಡಡ್ಡ ಹೊಡೆದ ಸಣ್ಣ ಮೊಳೆಗಳಿರುತ್ತವೆ. ಒತ್ತಾಯದಿಂದ ಹೊಡೆದರೆ ಮರ ಸೀಳುತ್ತದೆ.